ಬೆಲೆ ಬರೆದುಕೊಳ್ಳುವವರು

ಶಿರಾಳಕೊಪ್ಪದ ಪೇಟೆಯಲ್ಲಿ ಅಕ್ಕಿ ಕೆ.ಜಿ.ಗೆ ಎಷ್ಟು ಎಂದು ಕೇಳಿ ನೋಡಿ. 'ಯಾವ ಅಕ್ಕಿ?' ಎನ್ನುತ್ತಾರೆ ಅಂಗಡಿಯವರು. ಸೋನಾ ಮಸೂರಿಯೋ ಬೇರೆಯದೋ, ಹೊಸತೋ ಹಳತೋ, ಬಿಡಿಯೋ ಚೀಲವೋ? ಸರ್ಕಾರಕ್ಕಾಗಿ ಬೆಲೆ ಬರೆದುಕೊಳ್ಳುವವರ ಕಸುಬು ಶುರುವಾಗುವುದೇ ಈ ಪ್ರಶ್ನೆಯಿಂದ.

ಹಣದುಬ್ಬರ, ತುಟ್ಟಿಭತ್ಯೆ ಎಂದು ಪತ್ರಿಕೆಯಲ್ಲಿ ಓದುವ ಅಂಕಿಗಳ ಹಿಂದೆ ಅಂಗಡಿ ಅಂಗಡಿ ಸುತ್ತುವ ಕೆಲಸವಿದೆ. ಹಳ್ಳಿಗಾಡಿನ ಬೆಲೆ ಮತ್ತು ಕೂಲಿಯನ್ನು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕ್ಷೇತ್ರ ಸಿಬ್ಬಂದಿ ಆಯ್ದ ಹಳ್ಳಿಗಳಿಂದ ತಿಂಗಳು ತಿಂಗಳೂ ತರುತ್ತಾರೆ. ಅದನ್ನು ಲೆಕ್ಕಕ್ಕೆ ಇಳಿಸಿ 'ಕೃಷಿ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ' ಪ್ರಕಟಿಸುವುದು ಕೇಂದ್ರದ ಲೇಬರ್ ಬ್ಯೂರೋ. ರಾಜ್ಯದ ಮಟ್ಟದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯವಿದೆ.

ಬೆಲೆ ಬರೆಯುವವರ ಕೈಯಲ್ಲಿ ಒಂದು ನಮೂನೆ ಇರುತ್ತದೆ. ಯಾವ ಸಾಮಾನು, ಯಾವ ದರ್ಜೆ, ಯಾವ ಅಳತೆ ಎಂಬುದೆಲ್ಲ ಅದರಲ್ಲಿ ಮೊದಲೇ ಗೊತ್ತುಮಾಡಿದ್ದು. ಹೋದ ತಿಂಗಳು ಯಾವ ಅಂಗಡಿಯಲ್ಲಿ ಯಾವ ಸಾಮಾನು ನೋಡಿದರೋ ಈ ತಿಂಗಳೂ ಆದಷ್ಟು ಅದನ್ನೇ ನೋಡಬೇಕು. ಉಳಿದದ್ದೆಲ್ಲ ನಿಂತಲ್ಲೇ ನಿಂತಿದ್ದರೆ ಮಾತ್ರ ಬೆಲೆ ಎಷ್ಟು ಅಲುಗಿತು ಎಂದು ಹೇಳಬಹುದು. ಬಿಸ್ಕತ್ತಿನ ಪೊಟ್ಟಣ ಆಗಲೂ ಐದು ರೂಪಾಯಿ, ಈಗಲೂ ಐದೇ ಎನ್ನೋಣ. ಆದರೆ ಒಳಗಿನ ತೂಕ 65 ಗ್ರಾಂನಿಂದ 55ಕ್ಕೆ ಇಳಿದಿದ್ದರೆ ಬೆಲೆ ಶೇ 18ರಷ್ಟು ಏರಿದಂತೆ. ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದಿದವರಿಗಷ್ಟೇ ಇದು ಸಿಗುತ್ತದೆ. ಸೊಪ್ಪಿನ ಕಟ್ಟು, ವೀಳ್ಯದೆಲೆಯ ಕಟ್ಟುಗಳದ್ದೂ ಇದೇ ಪಾಡು; ದರ ನಿಂತಿರುತ್ತದೆ, ಕಟ್ಟು ಸಣ್ಣದಾಗುತ್ತದೆ.

ಅಳತೆಯ ಜಗಳ ಈ ಸೀಮೆಗೆ ಹೊಸದಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ, ಭತ್ತ ಅಳೆಯುವ ಕೊಳಗದ ಗಾತ್ರವೂ ಅವರ ದೂರಿನಲ್ಲಿ ಸೇರಿತ್ತು.

ಅಳತೆಯ ಹಾಗೆ ದರ್ಜೆಯೂ ಮುಖ್ಯ. ಶಿಕಾರಿಪುರ, ಸೊರಬದ ಬೆಳೆಗಾರರು ದಿನವೂ ವಿಚಾರಿಸುವ ಅಡಿಕೆ ಧಾರಣೆಯನ್ನೇ ನೋಡಿ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಕೆಂಪಡಿಕೆಯಲ್ಲೇ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬಗೆಗಳು. ಮಾರುಕಟ್ಟೆ ಸಮಿತಿ ಒಂದೊಂದಕ್ಕೂ ಬೇರೆ ಸಾಲು ಇಟ್ಟು ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ ದರ, ಜೊತೆಗೆ ಹೆಚ್ಚಿನ ಮಾಲು ಮಾರಾಟವಾದ ದರವನ್ನು ಬರೆಯುತ್ತದೆ. ಎಲ್ಲವನ್ನೂ ಒಟ್ಟುಗೂಡಿಸಿ ಸರಾಸರಿ ತೆಗೆದಿದ್ದರೆ, ಅಗ್ಗದ ಗೊರಬಲು ಜಾಸ್ತಿ ಬಂದ ದಿನ ಯಾವ ಬಗೆಯ ದರವೂ ಇಳಿಯದೆ 'ಅಡಿಕೆ ಬಿತ್ತು' ಎಂದು ಸುದ್ದಿಯಾಗುತ್ತಿತ್ತು.

ಕೂಲಿಯ ಲೆಕ್ಕ ಇದಕ್ಕಿಂತ ಕಷ್ಟದ್ದು. ಅಕ್ಕಿಯನ್ನು ತೂಗಬಹುದು, ಒಂದು ದಿನದ ದುಡಿಮೆಯನ್ನು ತೂಗುವುದು ಹೇಗೆ? ನಾಟಿಗೆ ಬಂದ ಹೆಂಗಸರಿಗೆ ದುಡ್ಡಿನ ಜೊತೆ ಊಟ, ಚಹಾ ಇರಬಹುದು. ಅಡಿಕೆ ಮರ ಹತ್ತುವ ಕೊನೆಗಾರರ ಲೆಕ್ಕ ಕೊನೆಯ ಮೇಲೆ, ಸುಲಿಯುವವರದ್ದು ಸುಲಿದ ಅಡಿಕೆಯ ಮೇಲೆ ಇರಬಹುದು. ಕಳೆ ತೆಗೆಯುವುದನ್ನು ಗುತ್ತಿಗೆ ಕೊಟ್ಟಿರಬಹುದು. ಇದೆಲ್ಲವನ್ನೂ ಎಂಟು ಗಂಟೆಯ ದಿನಗೂಲಿಗೆ ಪರಿವರ್ತಿಸಬೇಕು. ಮಾದರಿಗೆ ಹೇಳುವುದಾದರೆ, ಒಂಬತ್ತಕ್ಕೆ ಗದ್ದೆಗಿಳಿದು ಮೂರಕ್ಕೆ ಹತ್ತಿದವರಿಗೆ 300 ರೂಪಾಯಿ ಸಿಕ್ಕಿದ್ದರೆ ಪುಸ್ತಕದಲ್ಲಿ ಅದು 400. ಗಂಡಸರದ್ದು, ಹೆಂಗಸರದ್ದು ಬೇರೆ ಬೇರೆ. 2013ರ ನವೆಂಬರ್‌ನಿಂದ ಕಸುಬುಗಳನ್ನು 25 ಬಗೆಯಾಗಿ ವಿಂಗಡಿಸಿದ್ದಾರೆ. ಉಳುಮೆ, ಬಿತ್ತನೆ, ಕೊಯ್ಲು, ಗಾರೆ, ಬಡಗಿ, ಟ್ರ್ಯಾಕ್ಟರ್ ಓಡಿಸುವುದು, ಹೀಗೆ. ಒಂದು ಕಸುಬಿಗೆ ಐದು ಉತ್ತರವೂ ಸಿಗದಿದ್ದರೆ ಅಲ್ಲಿ ಸರಾಸರಿ ಕೊಡುವುದಿಲ್ಲ. ಈ ಸಂಯಮ ನನಗೆ ಬಹಳ ಹಿಡಿಸಿದ್ದು. ಅಂದಾಜಿನ ಅಂಕಿ ತುಂಬಿಬಿಡುವುದು ಎಷ್ಟು ಸುಲಭವಿತ್ತು! ಇಷ್ಟು ಮಾಡಿಯೂ ಮುಯ್ಯಾಳು ಮಾತ್ರ ಈ ಪುಸ್ತಕಕ್ಕೆ ಸಿಗುವುದಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಎನ್ನುವಲ್ಲಿ ದುಡ್ಡು ಕೈ ಬದಲಾಗುವುದೇ ಇಲ್ಲವಲ್ಲ.

ಬೆಲೆಗಳೆಲ್ಲ ಬಂದಮೇಲೆ ತೂಕ ಕಟ್ಟುವ ಕೆಲಸ. ಉಪ್ಪು ದುಪ್ಪಟ್ಟಾದರೂ ಮನೆಯ ಖರ್ಚು ಅಷ್ಟಾಗಿ ಏರದು. ಅಕ್ಕಿ ಏರಿದರೆ ತಡೆಯಲಾಗದು. ಅದಕ್ಕೇ ಸಂಸಾರದ ಖರ್ಚಿನಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ನೋಡಿ ತೂಕ ಕೊಡುತ್ತಾರೆ. ಕೃಷಿ ಕಾರ್ಮಿಕರ ಸೂಚ್ಯಂಕದ, 1986-87ನ್ನು 100 ಎಂದಿಟ್ಟುಕೊಂಡ ಸರಣಿಯಲ್ಲಿ ಆಹಾರದ ಪಾಲೇ ಶೇ 69ರಷ್ಟಿತ್ತು. ಆ ಸರಣಿ 2025ರ ಆರಂಭದ ಹೊತ್ತಿಗೆ 1,300 ದಾಟಿತ್ತು. ಅದೇ ವರ್ಷ 2019ನ್ನು ಬುನಾದಿಯಾಗಿಸಿಕೊಂಡ ಹೊಸ ಸರಣಿ ಬಂತು.

ಉದ್ಯೋಗ ಖಾತರಿಯ ಕೂಲಿಯನ್ನು ವರ್ಷವರ್ಷವೂ ಪರಿಷ್ಕರಿಸುತ್ತ ಬಂದದ್ದು ಈ ಸೂಚ್ಯಂಕ ನೋಡಿಯೇ. ಕರ್ನಾಟಕದಲ್ಲಿ ಅದು 2024-25ರಲ್ಲಿ ದಿನಕ್ಕೆ 349 ರೂಪಾಯಿ ಇತ್ತು, 2025-26ಕ್ಕೆ 370 ಆಯಿತು.