ಮನೆಯ ಹೊಸ್ತಿಲೂ ಆತ್ಮರಕ್ಷಣೆಯ ಹಕ್ಕೂ

ಹೊಳಲ್ಕೆರೆಯ ಸೀಮೆಯಲ್ಲಿ, ರಾಮಗಿರಿಯ ಆಸುಪಾಸಿನಲ್ಲಿ, ಊರಿನಿಂದ ದೂರವಾಗಿ ತೋಟದ ನಡುವೆ ಒಂದು ಮನೆಯಿದೆಯೆಂದು ಊಹಿಸಿಕೊಳ್ಳೋಣ. ನಡುರಾತ್ರಿಯಲ್ಲಿ ಯಾರೋ ಕದ ಮುರಿಯುತ್ತಿದ್ದಾರೆ. ಯಜಮಾನನ ಕೈಗೆ ಮೂಲೆಯಲ್ಲಿದ್ದ ಮಚ್ಚು ಸಿಕ್ಕುತ್ತದೆ. ಅದನ್ನು ಅವನು ಬಳಸಬಹುದೆ? ಬಳಸಿದರೆ ಎಷ್ಟರ ಮಟ್ಟಿಗೆ? ಮನೆಗೆ ನುಗ್ಗಿದವನನ್ನು ಏನು ಮಾಡಿದರೂ ತಪ್ಪಿಲ್ಲವೆಂದು ಕೆಲವರು ಹೇಳುವರು. ಕೈಯೆತ್ತಿದವನೇ ಸೆರೆಮನೆಗೆ ಹೋಗಬೇಕಾದೀತೆಂದು ಮತ್ತೆ ಕೆಲವರು ಹೆದರುವರು. ಈ ಎರಡು ಮಾತುಗಳೂ ಸರಿಯಲ್ಲವೆಂಬುದನ್ನು ತಿಳಿಸುವುದೇ ಈ ಭಾಷಣದ ಉದ್ದೇಶ.

ದುರ್ಗದ ಸೀಮೆಯವರಿಗೆ ಈ ಪ್ರಸ್ತಾಪ ಬಂದೊಡನೆ ಓಬವ್ವನ ನೆನಪಾಗುವುದು ಸಹಜ. 1779ರಲ್ಲಿ ಹೈದರಾಲಿಯ ವಶವಾದ ಆ ಏಳು ಸುತ್ತಿನ ಕೋಟೆಯಲ್ಲಿ, ನೀರಿಗೆ ಹೋದ ಕಾವಲುಗಾರನ ಹೆಂಡತಿಯು ಕಿಂಡಿಯೊಳಗಿಂದ ಒಬ್ಬೊಬ್ಬರಾಗಿ ನುಸುಳುತ್ತಿದ್ದ ಶತ್ರುಗಳನ್ನು ಒನಕೆಯಿಂದ ಹೊಡೆದು ಕೆಡವಿದಳೆಂದು ಜನರು ಪರಂಪರೆಯಾಗಿ ಹೇಳಿಕೊಂಡು ಬಂದಿದ್ದಾರೆ. ಅವಳು ತಡೆದದ್ದು ಸೈನ್ಯವನ್ನು. ಯುದ್ಧದ ಧರ್ಮ ಬೇರೆ, ಗೃಹಸ್ಥನಿಗೆ ವಿಧಿಸಿದ ದಂಡನೀತಿ ಬೇರೆ. ಆದರೂ ಆ ಕಥೆಯಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಅವಳು ಯಾರನ್ನೂ ಬೆನ್ನಟ್ಟಿ ಹೋಗಲಿಲ್ಲ. ಅಪಾಯವು ಒಳಗೆ ಬರುತ್ತಿದ್ದ ಬಾಯಿಯಲ್ಲಿ ನಿಂತು, ಬರುತ್ತಿದ್ದಷ್ಟು ಹೊತ್ತು ತಡೆದಳು.

ನಮ್ಮ ಪ್ರಾಚೀನ ಸ್ಮೃತಿಕಾರರು ಇಂಥ ಆಕ್ರಮಣಕಾರನನ್ನು ಆತತಾಯಿಯೆಂದು ಕರೆದರು. ಮನೆಗೆ ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧಪಾಣಿಯಾಗಿ ಕೊಲ್ಲಬರುವವನು, ಧನವನ್ನೂ ಭೂಮಿಯನ್ನೂ ಪತ್ನಿಯನ್ನೂ ಅಪಹರಿಸುವವರು, ಹೀಗೆ ಆರು ಬಗೆಯವರನ್ನು ಎಣಿಸಿದರು. ಈಗಿನ ನ್ಯಾಯಶಾಸ್ತ್ರದ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಬಂದವನು ಎಂಥವನೆಂದು ಅದು ಮೊದಲು ಕೇಳುವುದಿಲ್ಲ. ಅವನು ಈ ಕ್ಷಣದಲ್ಲಿ ಏನು ಮಾಡುತ್ತಿದ್ದಾನೆಂದು ಕೇಳುತ್ತದೆ.

ಮೆಕಾಲೆಯ ನೇತೃತ್ವದಲ್ಲಿ 1837ರಲ್ಲಿ ಸಿದ್ಧವಾದ ಕರಡಿನಿಂದ ಹುಟ್ಟಿದ 1860ರ ಇಂಡಿಯನ್ ಪೀನಲ್ ಕೋಡು 96ರಿಂದ 106ರ ವರೆಗಿನ ಪ್ರಕರಣಗಳಲ್ಲಿ ಈ ಹಕ್ಕನ್ನು ವಿವರಿಸಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯು 34ರಿಂದ 44ರ ವರೆಗಿನ ಪ್ರಕರಣಗಳಲ್ಲಿ ಬಹುಮಟ್ಟಿಗೆ ಅದನ್ನೇ ಉಳಿಸಿಕೊಂಡಿದೆ. ತನ್ನ ದೇಹವನ್ನು ಮಾತ್ರವಲ್ಲದೆ ಪರರ ದೇಹವನ್ನೂ, ತನ್ನ ಸ್ವತ್ತನ್ನೂ ಪರರ ಸ್ವತ್ತನ್ನೂ ರಕ್ಷಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಕೊಲೆಯ ಅಥವಾ ತೀವ್ರ ಗಾಯದ ಭಯ, ಬಲಾತ್ಕಾರ, ಅಪಹರಣ, ಆಸಿಡ್ ದಾಳಿ ಮೊದಲಾದ ಸಂದರ್ಭಗಳಲ್ಲಿ ಆಕ್ರಮಣಕಾರನ ಪ್ರಾಣ ಹೋದರೂ ಅದು ಅಪರಾಧವಲ್ಲ. ಸ್ವತ್ತಿನ ವಿಷಯದಲ್ಲಿ ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಕನ್ನಹಾಕುವುದು, ವಾಸದ ಮನೆಗೆ ಬೆಂಕಿಯಿಡುವುದು, ಪ್ರಾಣಭಯವನ್ನೋ ತೀವ್ರ ಗಾಯದ ಭಯವನ್ನೋ ಹುಟ್ಟಿಸುವ ಕಳ್ಳತನ ಅಥವಾ ಗೃಹಪ್ರವೇಶ, ಇವುಗಳಿಗೂ ಇದೇ ನಿಯಮ. ಹಾಡುಹಗಲಲ್ಲಿ ತೋಟದಿಂದ ನಾಲ್ಕು ತೆಂಗಿನಕಾಯಿ ಕದ್ದವನ ಪ್ರಾಣ ತೆಗೆಯಲು ಈ ಹಕ್ಕು ಎಡೆಗೊಡುವುದಿಲ್ಲ.

ಈ ಹಕ್ಕಿಗೆ ಎರಡು ಮುಖ್ಯವಾದ ಮಿತಿಗಳಿವೆ. ಅಧಿಕಾರಿಗಳ ರಕ್ಷಣೆಯನ್ನು ಬೇಡಲು ಸಮಯವಿದ್ದಾಗ ಈ ಹಕ್ಕು ಇಲ್ಲ. ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವಂತಿಲ್ಲ. ಇದಲ್ಲದೆ ಹಕ್ಕಿಗೆ ಆದಿಯೂ ಅಂತ್ಯವೂ ಉಂಟು. ದೇಹಕ್ಕೆ ಅಪಾಯವೊದಗೀತೆಂಬ ಸಕಾರಣವಾದ ಭಯ ಹುಟ್ಟಿದೊಡನೆ ಅದು ಹುಟ್ಟುತ್ತದೆ, ಭಯವಿರುವಷ್ಟು ಕಾಲ ಮಾತ್ರ ಬಾಳುತ್ತದೆ. ಕನ್ನ ಹಾಕಿದವನು ಮನೆಯೊಳಗಿರುವ ತನಕ ಅವನನ್ನು ಎದುರಿಸಬಹುದು. ಅವನು ಬರಿಗೈಯಲ್ಲಿ ಗದ್ದೆಯ ಬದುವಿನ ಮೇಲೆ ಓಡುತ್ತಿರುವಾಗ ಬೆನ್ನಿಗೆ ಗುಂಡು ಹಾರಿಸಿದರೆ, ಅಥವಾ ಹಿಡಿದು ಕಂಬಕ್ಕೆ ಕಟ್ಟಿದ ಮೇಲೆ ಬಡಿದರೆ, ಅದು ರಕ್ಷಣೆಯಲ್ಲ, ಪ್ರತೀಕಾರ.

ಮನುಷ್ಯನಿಲ್ಲದೆ ಆಯುಧವೊಂದೇ ಕಾವಲಿರುವ ಸಂದರ್ಭವನ್ನೂ ವಿಚಾರಿಸಬೇಕು. ಬಿಹಾರದಲ್ಲಿ ಒಬ್ಬನು ತನ್ನ ಶೌಚಗೃಹಕ್ಕೆ ನೆರೆಯವರು ಬಾರದಂತೆ ದಾರಿಗಡ್ಡವಾಗಿ ವಿದ್ಯುತ್ ಹರಿಯುವ ಬರಿಯ ತಂತಿಯನ್ನು ಕಟ್ಟಿದನು. ನೆರೆಮನೆಯ ಹೆಂಗಸು ಅದನ್ನು ಮುಟ್ಟಿ ಸತ್ತಳು. ಆತ್ಮರಕ್ಷಣೆಯ ವಾದವನ್ನು ಸುಪ್ರೀಂ ಕೋರ್ಟು 1963ರಲ್ಲಿ ತಳ್ಳಿಹಾಕಿ ಅವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಬೇಲಿಗೆ ವಿದ್ಯುತ್ತನ್ನು ಹಾಯಿಸುವ ತೋಟದ ಯಜಮಾನರು ಇದನ್ನು ಮನಸ್ಸಿನಲ್ಲಿಡತಕ್ಕದ್ದು. ತಂತಿಗೆ ಕಳ್ಳನಾರು, ಕಳೆದುಹೋದ ಕರುವನ್ನು ಹುಡುಕಿ ಬಂದ ಬಾಲಕನಾರು ಎಂಬ ವಿವೇಚನೆಯಿಲ್ಲ.

ಆಯುಧವನ್ನು ಇಟ್ಟುಕೊಳ್ಳುವ ಹಕ್ಕು ಬೇರೆ, ಪ್ರಯೋಗಿಸುವ ಹಕ್ಕು ಬೇರೆ. 1959ರ ಆಯುಧಗಳ ಕಾಯಿದೆಯಂತೆ ಬಂದೂಕಕ್ಕೆ ಲೈಸೆನ್ಸು ಅವಶ್ಯಕ. 2019ರ ತಿದ್ದುಪಡಿಯು ಸಾಮಾನ್ಯವಾಗಿ ಒಬ್ಬನು ಇಟ್ಟುಕೊಳ್ಳಬಹುದಾದ ಬಂದೂಕಗಳನ್ನು ಮೂರರಿಂದ ಎರಡಕ್ಕಿಳಿಸಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಅದೇ ವರ್ಷ 2029ರ ವರೆಗೆ ಮುಂದುವರಿಸಲಾಯಿತು. ಆದರೆ ಲೈಸೆನ್ಸಾಗಲಿ ವಿನಾಯಿತಿಯಾಗಲಿ ಹೊಡೆಯಲು ಕೊಟ್ಟ ಅಪ್ಪಣೆಯಲ್ಲ. ಕೊಡಗಿನ ಕೋವಿಗೂ ದುರ್ಗದ ಒನಕೆಗೂ ಪ್ರಯೋಗದ ನಿಯಮ ಒಂದೇ.

ಇಷ್ಟೆಲ್ಲವನ್ನು ಕತ್ತಲೆಯಲ್ಲಿ ನಡುಗುತ್ತ ನಿಂತವನು ಅಳೆದು ತೂಗಬಲ್ಲನೆ ಎಂದು ತಾವು ಕೇಳಬಹುದು. ನ್ಯಾಯಾಲಯಗಳೂ ಹಾಗೆ ನಿರೀಕ್ಷಿಸುವುದಿಲ್ಲ. ದರ್ಶನ್ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿ ಈ ತತ್ತ್ವಗಳನ್ನು ಸಂಗ್ರಹಿಸಿ, ಸಂಕಟದಲ್ಲಿರುವವನಿಂದ ಅಂಕಗಣಿತದ ಲೆಕ್ಕವನ್ನು ಕೇಳಲಾಗದೆಂಬ ದೃಷ್ಟಿಯನ್ನು ಸ್ಥಿರಪಡಿಸಿತು. ಆತ್ಮರಕ್ಷಣೆಯೆಂದು ತೋರಿಸುವ ಭಾರ ಆಪಾದಿತನದೇ ಆದರೂ, ಅದು ಸಂಭವನೀಯವೆಂದು ಕಂಡುಬಂದರೆ ಸಾಕು. ಸಂಶಯಾತೀತವಾದ ರುಜುವಾತು ಬೇಕಿಲ್ಲ.

ಕಾನೂನು ಅನುಮತಿಸಿದ್ದೆಲ್ಲವೂ ನೀತಿಯ ದೃಷ್ಟಿಯಿಂದ ಕರ್ತವ್ಯವೇ ಆಗುವುದಿಲ್ಲ. ಕೂಗಿ ಓಡಿಸಬಹುದಾದವನನ್ನು ಕೂಗಿಯೇ ಓಡಿಸುವುದು ಮೇಲು. ಹೊಡೆಯಲೇಬೇಕಾಗಿ ಬಂದು ಅವನು ಬಿದ್ದ ಮೇಲೆ, ಅವನು ಆತತಾಯಿಯಲ್ಲ, ಗಾಯಗೊಂಡ ಮನುಷ್ಯ. ಅವನಿಗೆ ವೈದ್ಯರನ್ನು ಕರೆಸುವುದೂ, ನಡೆದುದನ್ನು ಮುಚ್ಚಿಡದೆ ಪೋಲೀಸರಿಗೆ ತಿಳಿಸುವುದೂ ಹೊಡೆದವನ ಮೊದಲ ಕರ್ತವ್ಯ. ಎತ್ತಿದ ಕೈಯನ್ನು ಸಕಾಲದಲ್ಲಿ ಇಳಿಸಲು ಬಲ್ಲವನಿಗೇ ಕೈಯೆತ್ತುವ ಹಕ್ಕು ಶೋಭಿಸುತ್ತದೆ.