ಐದರಿಂದ ಆರಕ್ಕೆ: ಮನೆಯವರೊಂದಿಗೆ ಮಾಡಬೇಕಾದ ಸಿದ್ಧತೆ

ಶಾಲೆ ಆರಂಭವಾದ ಕೂಡಲೇ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡಿ, ಕೊರತೆಯನ್ನು ತುಂಬಿ, ಆಮೇಲೆ ಹೊಸ ಪಾಠಕ್ಕೆ ಹೋಗುವುದು ಅದರ ಕ್ರಮ. ನೈದಾನಿಕ ಪರೀಕ್ಷೆ, ಸಾಫಲ್ಯ ಪರೀಕ್ಷೆ ಎಂಬ ಹೆಸರುಗಳು ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಬಾಯಿಪಾಠವಾಗಿವೆ. ಆದರೆ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಮುಗಿಸಿ ಇನ್ನೊಂದು ಊರಿನ ಹಿರಿಯ ಪ್ರಾಥಮಿಕ ಶಾಲೆಗೆ ಹೋಗುವ ಮಗುವಿನ ವಿಷಯದಲ್ಲಿ ದಾಟಬೇಕಾದದ್ದು ಮಗು ಮಾತ್ರವಲ್ಲ, ಮನೆಯೂ ಹೌದು. ಮನೆಗೆ ಸೇತುಬಂಧವಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ಈ ಕೆಲಸವನ್ನು ಹೇಗೆ ಮಾಡಬಹುದು ಎಂಬುದನ್ನು, ಮಲೆನಾಡಿನ ಕೆಲವು ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿಗಳ ಜೊತೆ ತಿರುಗಾಡಿದ ಅನುಭವದ ಮೇಲೆ ಇಲ್ಲಿ ವಿವರಿಸುತ್ತೇನೆ.

ಮೊದಲು ಬದಲಾವಣೆ ಎಷ್ಟು ದೊಡ್ಡದು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ನಾವು ಹೋಗುವ ಕಿರಿಯ ಶಾಲೆಗಳಲ್ಲಿ ಹೆಚ್ಚಿನವು ಇಬ್ಬರು ಶಿಕ್ಷಕರವು. ಮಕ್ಕಳು ಇಪ್ಪತ್ತರ ಆಸುಪಾಸು. ನಲಿಕಲಿಯಲ್ಲಿ ಚಾಪೆಯ ಮೇಲೆ ಕೂತು ಕಲಿತು, ಆಮೇಲೆ ನಾಲ್ಕು ಮತ್ತು ಐದನ್ನು ಒಂದೇ ಕೋಣೆಯಲ್ಲಿ ಮುಗಿಸಿದ ಮಗು ಅದು. ಅದರ ಅಕ್ಷರ, ಕೆಮ್ಮು, ಮನೆಯ ಜಗಳ ಎಲ್ಲವೂ ಮೇಡಂಗೆ ಗೊತ್ತು. ಆರನೇ ತರಗತಿಗೆ ಹೋದರೆ ಅವಧಿಗೊಬ್ಬ ಶಿಕ್ಷಕರು. ಪರಿಸರ ಅಧ್ಯಯನ ಎಂಬ ಒಂದು ಪುಸ್ತಕ ಇದ್ದಲ್ಲಿ ವಿಜ್ಞಾನ, ಸಮಾಜ ವಿಜ್ಞಾನ ಎಂಬ ಎರಡು. ತೃತೀಯ ಭಾಷೆಯಾಗಿ ಹಿಂದಿ ಬಂದು ಹೊಸ ಲಿಪಿಯೂ ಸೇರುತ್ತದೆ. ದೂರವೂ ಹೆಚ್ಚುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮಗಳು ಒಂದರಿಂದ ಐದನೇ ತರಗತಿಗೆ 1 ಕಿ.ಮೀ. ಒಳಗೆ, ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಎನ್ನುತ್ತವೆ. ನಿಯಮ ಪೂರ್ತಿ ಪಾಲನೆಯಾದರೂ ಹನ್ನೊಂದು ವರ್ಷದ ಮಗು ದಿನಕ್ಕೆ ಆರು ಕಿ.ಮೀ. ನಡೆಯಬೇಕಾಗಬಹುದು ಎಂದಾಯಿತು.

ಇಷ್ಟು ಬದಲಾವಣೆ ಎದುರಿಗಿರುವಾಗ ನಮ್ಮವರು ಪೋಷಕರ ಮುಂದೆ ಮಾಡುವುದು ಸಾಮಾನ್ಯವಾಗಿ ಒಂದು ಭಾಷಣ. ಶಿಕ್ಷಣದ ಮಹತ್ವ, ಹೆಣ್ಣುಮಗು ಓದಿದರೆ ಮನೆಯೇ ಓದಿದಂತೆ, ಇತ್ಯಾದಿ. ಪೋಷಕರು ತಲೆಯಾಡಿಸುತ್ತಾರೆ, ಚಹಾ ಕೊಡುತ್ತಾರೆ, ಸಹಿ ಹಾಕುತ್ತಾರೆ. ಈ ಭಾಷಣಕ್ಕೆ ನನ್ನ ಆಕ್ಷೇಪ ಅದು ಸುಳ್ಳು ಎಂದಲ್ಲ. ಅದು ಅವರು ಕೇಳದ ಪ್ರಶ್ನೆಗೆ ಉತ್ತರ. ಮಗು ಓದಬೇಕು ಎಂಬುದರಲ್ಲಿ ನಾವು ಭೇಟಿ ಮಾಡಿದ ಮನೆಗಳಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅವರ ಪ್ರಶ್ನೆಗಳು ಬೇರೆ ಇದ್ದವು, ಮತ್ತು ಭಾಷಣ ನಡೆಯುವಾಗ ಅವು ಹೊರಗೆ ಬರುವುದಿಲ್ಲ. ಆದ್ದರಿಂದ ಮನೆ ಭೇಟಿಗೆ ನಾನು ಕೊಡುವ ಸೂಚನೆ ಚಿಕ್ಕದು: ಮೊದಲ ಹದಿನೈದು ನಿಮಿಷ ಏನನ್ನೂ ಹೇಳಬೇಡಿ, ‘ಮುಂದಿನ ವರ್ಷ ಶಾಲೆಗೆ ಹೆಂಗೆ ಕಳಿಸ್ತೀರಿ?’ ಎಂದು ಮಾತ್ರ ಕೇಳಿ. ‘ಕಳಿಸ್ತೀರಾ?’ ಎಂದು ಕೇಳಬಾರದು. ಅದಕ್ಕೆ ‘ಹೂಂ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಹೇಗೆ ಎಂದು ಕೇಳಿದಾಗ ದಾರಿ, ಜೊತೆ, ಸಮಯ, ದುಡ್ಡು ಎಲ್ಲ ಒಂದೊಂದಾಗಿ ಬರುತ್ತವೆ.

ಮೊದಲು ಬರುವುದು ದಾರಿ. ಒಂದು ಮನೆಯಲ್ಲಿ ಅಜ್ಜಿ ನಮ್ಮ ವಿದ್ಯಾರ್ಥಿನಿಯನ್ನು ಕೇಳಿದ್ದು ಹೀಗೆ: ‘ಅಕ್ಕೋರೆ, ಈಗೇನೋ ಹಳ್ಳ ಒಣಗೈತೆ. ಆಷಾಢದಾಗೆ ದಾಟ್ಸೋರು ಯಾರು?’ ಮಲೆನಾಡಿನಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಫೆಬ್ರವರಿಯಲ್ಲಿ ನಾವು ನೋಡುವ ದಾರಿ ಜುಲೈನ ದಾರಿಯಲ್ಲ. ಅಡಿಕೆ ಮರದ ಕಾಲುಸಂಕ ಪ್ರತಿ ವರ್ಷ ಹೊಸದಾಗಿ ಹಾಕಬೇಕಾಗುತ್ತದೆ. ಅದನ್ನು ಯಾರು, ಯಾವಾಗ ಹಾಕುತ್ತಾರೆ ಎಂಬುದು ಊರಿಗೆ ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ಹಾಗಾಗಿ ಪ್ರಶಿಕ್ಷಣಾರ್ಥಿ ಮನೆಯ ಒಬ್ಬ ಹಿರಿಯರ ಜೊತೆ ಮಗುವನ್ನು ಕರೆದುಕೊಂಡು ಹೊಸ ಶಾಲೆಯವರೆಗೆ ಒಮ್ಮೆ ನಡೆಯಬೇಕು ಎಂದು ನಾನು ಕಡ್ಡಾಯ ಮಾಡಿದ್ದೇನೆ. ಬೈಕಿನಲ್ಲಿ ಹೋಗಿಬಂದರೆ ಆಗುವುದಿಲ್ಲ. ನಡೆಯುವಾಗ ದಾರಿಯ ನಕ್ಷೆಯನ್ನು ಮಗುವಿನಿಂದಲೇ ಬರೆಸಬೇಕು: ಹಳ್ಳ ಎಲ್ಲಿ, ನಾಯಿ ಇರುವ ಮನೆ ಯಾವುದು, ಮಳೆ ಜೋರಾದರೆ ನಿಲ್ಲಬಹುದಾದ ಜಗಲಿ ಯಾರದ್ದು. ಜಗಲಿಯ ಮನೆಯವರನ್ನು ಆ ದಿನವೇ ಮಾತಾಡಿಸಿ ಬರಬೇಕು. ನೀರು ಏರಿದ ದಿನ ಮಗು ಶಾಲೆಗೆ ಬರದಿದ್ದರೂ ಸರಿ, ಹಳ್ಳಕ್ಕೆ ಇಳಿಯಬಾರದು ಎಂಬುದನ್ನು ಮನೆಯವರು ಮತ್ತು ಹೊಸ ಶಾಲೆಯ ಮುಖ್ಯೋಪಾಧ್ಯಾಯರು ಒಬ್ಬರ ಬಾಯಿಂದ ಒಬ್ಬರು ಕೇಳಿರಬೇಕು. ಹಾಜರಾತಿಯ ಉತ್ಸಾಹದಲ್ಲಿ ಈ ಮಾತನ್ನು ಹೇಳಲು ಶಾಲೆಗಳು ಹಿಂಜರಿಯುತ್ತವೆ. ನನ್ನ ಅಭಿಪ್ರಾಯದಲ್ಲಿ ಪೋಷಕರ ನಂಬಿಕೆ ಗಳಿಸುವ ಮಾತು ಇದೇ.

ಬಸ್ಸಿನ ವಿಷಯ ಬಂದರೆ ಖಚಿತ ಮಾಹಿತಿ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸು ಮಾಡಿಸಬೇಕು. ಆದರೆ ನಮ್ಮ ಎಷ್ಟೋ ಮಾರ್ಗಗಳಲ್ಲಿ ಶಾಲೆಯ ವೇಳೆಗೆ ಬರುವುದು ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯುವುದಿಲ್ಲ. ‘ಬಸ್ಸು ಫ್ರೀ ಇದೆಯಲ್ಲ’ ಎಂದು ಹೇಳಿ ಬರುವ ಮೊದಲು ಆ ದಾರಿಯಲ್ಲಿ ಬೆಳಿಗ್ಗೆ ಯಾವ ಬಸ್ಸು ಬರುತ್ತದೆ ಎಂದು ನಿಂತು ನೋಡಬೇಕು. ಹತ್ತಿರದಲ್ಲಿ ಶಾಲೆಯೇ ಇಲ್ಲದ ವಸತಿ ಪ್ರದೇಶದ ಮಕ್ಕಳಿಗೆ ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಮತ್ತು ಬೆಂಗಾವಲು ಸೌಲಭ್ಯಕ್ಕೆ ಅವಕಾಶವಿದೆ. ಯಾವ ಮನೆಗೆ ಅನ್ವಯಿಸುತ್ತದೆ ಎಂಬುದನ್ನು ಸಿ.ಆರ್.ಪಿ. ಅವರಲ್ಲಿ ಕೇಳಿ ತಿಳಿದೇ ಹೇಳಬೇಕು.

ಎರಡನೆಯ ಪ್ರಶ್ನೆಯನ್ನು ಗಂಡಸರ ಎದುರು ಯಾರೂ ಕೇಳುವುದಿಲ್ಲ. ಭೇಟಿ ಮುಗಿದು ಚಪ್ಪಲಿ ಮೆಟ್ಟುವಾಗ ತಾಯಿ ಹೊರಗೆ ಬಂದು ವಿದ್ಯಾರ್ಥಿನಿಯ ಹತ್ತಿರ ಮೆಲ್ಲಗೆ ಕೇಳುತ್ತಾಳೆ: ಅಲ್ಲಿ ಹೆಣ್ಣುಮಕ್ಕಳ ಶೌಚಾಲಯಕ್ಕೆ ಬಾಗಿಲು ಇದೆಯಾ, ಚಿಲಕ ಇದೆಯಾ, ನೀರು ಬರುತ್ತದಾ? ಆರು, ಏಳನೇ ತರಗತಿಯಲ್ಲೇ ಮುಟ್ಟು ಶುರುವಾಗುವ ಮಕ್ಕಳಿದ್ದಾರೆ. ‘ಎಲ್ಲ ವ್ಯವಸ್ಥೆ ಇದೆ ಅಮ್ಮ’ ಎಂಬುದು ಉತ್ತರವಲ್ಲ. ಹೊಸ ಶಾಲೆಗೆ ಹೋದ ದಿನ ಪ್ರಶಿಕ್ಷಣಾರ್ಥಿ ಆ ಬಾಗಿಲನ್ನು ತಾನೇ ಎಳೆದು ನೋಡಿರಬೇಕು. ಚಿಲಕ ಮುರಿದಿದ್ದರೆ ಮುರಿದಿದೆ ಎಂದೇ ಹೇಳಬೇಕು, ಮತ್ತು ಆ ವಿಷಯವನ್ನು ಎಸ್.ಡಿ.ಎಂ.ಸಿ. ಮುಂದೆ ಇಡಲು ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳಬೇಕು. ರಜೆಯಲ್ಲಿ ಒಂದು ಚಿಲಕ ಹಾಕಿಸುವುದು ಆಗದ ಕೆಲಸವಲ್ಲ. ತುರ್ತು ಬಂದಾಗ ಮಗು ಯಾವ ಮೇಡಂ ಹತ್ತಿರ ಹೋಗಬೇಕು ಎಂಬುದನ್ನು ಹೆಸರು ಹೇಳಿ, ಮುಖ ತೋರಿಸಿ ತಿಳಿಸಬೇಕು. ಇಂಥ ಮಾತುಗಳಿಗಾಗಿ ಮನೆ ಭೇಟಿಯ ಜೋಡಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇರುವಂತೆ ನೋಡಿಕೊಳ್ಳುವುದು ಉಪನ್ಯಾಸಕರ ಕೆಲಸ.

ಊಟ, ಪುಸ್ತಕ, ಸಮವಸ್ತ್ರದ ಪ್ರಶ್ನೆಗಳಿಗೆ ಉತ್ತರ ಸುಲಭ. ಸರ್ಕಾರಿ ಶಾಲೆಯಲ್ಲಿ ಇವು ಆರನೇ ತರಗತಿಯಲ್ಲೂ ಮುಂದುವರಿಯುತ್ತವೆ. ಬಿಸಿಯೂಟದ ಧಾನ್ಯದ ಪ್ರಮಾಣವಂತೂ ಮಗುವಿಗೆ 100 ಗ್ರಾಂ ಇದ್ದದ್ದು ಆರರಿಂದ 150 ಗ್ರಾಂ ಆಗುತ್ತದೆ. ಇದನ್ನು ಹೇಳಿದಾಗ ಒಬ್ಬ ತಂದೆ ಮನಸಾರೆ ನಕ್ಕದ್ದನ್ನು ಕಂಡಿದ್ದೇನೆ.

ಕಾಗದಪತ್ರಗಳ ಬಗ್ಗೆ ಸ್ವಲ್ಪ ನಿಧಾನಿಸಬೇಕು. ಐದನೇ ತರಗತಿಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವ ಮಕ್ಕಳು ಬಹಳ. ತಂದೆಯ ಹೆಸರಿನ ಕಾಗುಣಿತ ಬೇರೆ, ಜನ್ಮ ದಿನಾಂಕ ಬೇರೆ. ಕಿರಿಯ ಶಾಲೆಯಲ್ಲಿ ಎಲ್ಲರಿಗೂ ಮುಖಪರಿಚಯ ಇರುವುದರಿಂದ ಇದು ಅಡ್ಡಿಯಾಗಿರುವುದಿಲ್ಲ. ವಿದ್ಯಾರ್ಥಿವೇತನಕ್ಕೋ ವಸತಿ ಶಾಲೆಗೋ ಅರ್ಜಿ ಹಾಕುವಾಗ ಎದ್ದು ಕಾಣುತ್ತದೆ. ವರ್ಗಾವಣೆ ಪತ್ರ ಬರೆಯುವ ಮೊದಲೇ, ಅಂದರೆ ಜನವರಿ ಫೆಬ್ರವರಿಯಲ್ಲೇ, ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ಪೋಷಕರಿಗೆ ತೋರಿಸಬೇಕು. ತಿದ್ದುಪಡಿ ಪ್ರಶಿಕ್ಷಣಾರ್ಥಿಯ ಕೆಲಸವಲ್ಲ. ಹೊಂದಿಕೆಯಾಗುತ್ತಿಲ್ಲ ಎಂದು ತೋರಿಸಿ, ಮುಖ್ಯೋಪಾಧ್ಯಾಯರ ಬಳಿ ಕಳಿಸುವುದಷ್ಟೇ. ಇನ್ನೊಂದು ವಿಷಯ ಪೋಷಕರಿಗೆ ಗೊತ್ತಿರಲೇಬೇಕು: ವರ್ಗಾವಣೆ ಪತ್ರ ತಡವಾಯಿತು ಎಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹಾಗೆಂದು ಹೇಳುತ್ತದೆ. ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಆರನೇ ತರಗತಿಗೆ ಅರ್ಜಿ ಕರೆಯುವುದು ಮಗು ಐದರಲ್ಲಿ ಓದುತ್ತಿರುವಾಗಲೇ. ಏಪ್ರಿಲ್‌ನಲ್ಲಿ ವಿಚಾರಿಸಿದರೆ ಗಡುವು ಮುಗಿದಿರುತ್ತದೆ. ಶಾಲೆ ಬಿಟ್ಟ ಅಥವಾ ಬಿಡುವ ಸ್ಥಿತಿಯಲ್ಲಿರುವ ಹೆಣ್ಣುಮಗು ಇದ್ದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಹೆಸರನ್ನು ಮನೆಯವರಿಗೆ ಹೇಳಬೇಕು. ಮಗುವನ್ನು ಹಾಸ್ಟೆಲಿಗೆ ಕಳಿಸಿ ಎಂದು ಒತ್ತಾಯಿಸುವುದು ಮಾತ್ರ ಸಲ್ಲ.

ಓದಿನ ಸಿದ್ಧತೆಯ ಬಗ್ಗೆ ಪೋಷಕರು ಹೇಳುವ ಮಾತು ಬಹುತೇಕ ಒಂದೇ: ‘ನಮಗೆ ಓದು ಬರಾಂಗಿಲ್ಲ, ಹಿಂದಿ ಇಂಗ್ಲಿಷು ನಾವೇನು ಹೇಳಿಕೊಡಾಣ?’ ಹೇಳಿಕೊಡುವುದು ಬೇಡ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಓದು ಬಾರದ ತಾಯಿಯೂ ಮಾಡಬಹುದಾದ ಕೆಲಸಗಳಿವೆ. ವೇಳಾಪಟ್ಟಿಯನ್ನು ದೊಡ್ಡ ಹಾಳೆಯಲ್ಲಿ ಬರೆದು, ವಿಷಯಕ್ಕೊಂದು ಬಣ್ಣ ಹಚ್ಚಿ, ಪುಸ್ತಕಕ್ಕೂ ಅದೇ ಬಣ್ಣದ ಚೀಟಿ ಅಂಟಿಸಿದರೆ, ನಾಳೆಯ ಚೀಲ ಸರಿಯಾಗಿದೆಯೇ ಎಂದು ತಾಯಿ ಒಲೆಯ ಮುಂದೆ ಕೂತೇ ನೋಡಬಲ್ಲಳು. ನಮ್ಮ ವಿದ್ಯಾರ್ಥಿನಿಯೊಬ್ಬಳು ಇದನ್ನು ಒಂದು ಮನೆಯಲ್ಲಿ ಮಾಡಿದಳು, ಈಗ ನಾವು ಎಲ್ಲ ಕಡೆ ಮಾಡುತ್ತೇವೆ. ಸಂಜೆ ‘ಇವತ್ತು ಯಾವ ಸರ್ ಏನು ಹೇಳಿದ್ರು?’ ಎಂದು ಕೇಳಿ, ಮಗು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವುದು ಇನ್ನೊಂದು. ಹಿಂದಿಯ ಬಗ್ಗೆ ಗಾಬರಿಪಡಿಸುವ ಅಗತ್ಯವಿಲ್ಲ. ಆರನೇ ತರಗತಿಯಲ್ಲಿ ಅದು ಎಲ್ಲ ಮಕ್ಕಳಿಗೂ ಹೊಸದೇ, ಕಿರಿಯ ಶಾಲೆಯಿಂದ ಬಂದ ಮಗು ಅಲ್ಲಿ ಹಿಂದೆ ಬಿದ್ದಿಲ್ಲ. ಇದನ್ನು ಮಗುವಿಗೂ ಹೇಳಿ.

ಮಾರ್ಚ್‌ನಲ್ಲಿ ಒಂದು ದಿನ ಮಕ್ಕಳನ್ನೂ ಮನೆಯವರನ್ನೂ ಹೊಸ ಶಾಲೆಗೆ ಕರೆದೊಯ್ಯುವುದು ಒಳ್ಳೆಯದು. ಎರಡೂ ಶಾಲೆಗಳ ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನಕ್ಕೆ ಹೊಂದಿಸಿಕೊಂಡರೆ ಪ್ರತ್ಯೇಕ ಓಡಾಟ ಉಳಿಯುತ್ತದೆ. ಅಲ್ಲಿ ಸ್ವಾಗತ ಗೀತೆ, ಹಾರ ಬೇಡ. ಅದೇ ಊರಿನಿಂದ ಹಿಂದಿನ ವರ್ಷ ಬಂದ, ಈಗ ಆರರಲ್ಲಿರುವ ಒಂದು ಮಗುವಿನ ಕೈಗೆ ಇವರನ್ನು ಒಪ್ಪಿಸಿ. ಆ ಮಗು ಅರ್ಧ ಗಂಟೆಯಲ್ಲಿ ತೋರಿಸುವುದನ್ನು ನಾವು ಇಡೀ ದಿನ ಹೇಳಿದರೂ ಮುಗಿಯುವುದಿಲ್ಲ.

ಎಲ್ಲ ಸಿದ್ಧತೆಯೂ ಪೂರ್ತಿ ಫಲ ಕೊಡುತ್ತದೆ ಎಂದು ನಾನು ಹೇಳುವುದಿಲ್ಲ. ಒಂದು ಮನೆಯಲ್ಲಿ ತಾಯಿ ಅಡಿಕೆ ಸುಲಿಯುವ ಕೂಲಿಗೆ ಹೋಗುವವಳು. ಎರಡೂವರೆ ವರ್ಷದ ತಮ್ಮನನ್ನು ಐದನೇ ತರಗತಿಯ ಅಕ್ಕ ಶಾಲೆಗೇ ಕರೆತರುತ್ತಿದ್ದಳು. ಊರಿನ ಶಾಲೆಯಲ್ಲಿ ಮೇಡಂ ಅದನ್ನು ಸಹಿಸಿದ್ದರು. ಎರಡೂವರೆ ಕಿ.ಮೀ. ದೂರದ ಶಾಲೆಗೆ ಕೂಸನ್ನು ಹೊತ್ತು ಹೋಗುವುದು ಸಾಧ್ಯವಿರಲಿಲ್ಲ. ‘ಹೆಂಗೆ ಕಳಿಸ್ತೀರಿ’ ಎಂದು ಕೇಳಿದಾಗಲೇ ಇದು ತಿಳಿದದ್ದು. ಅಂಗನವಾಡಿಯ ಶಾಲಾಪೂರ್ವ ತರಗತಿಗೆ ಮೂರು ವರ್ಷ ತುಂಬಬೇಕು. ಗ್ರಾಮ ಪಂಚಾಯಿತಿಯ ಕೂಸಿನ ಮನೆ ತಾಯಿ ಕೆಲಸಕ್ಕೆ ಹೋಗುವ ದಾರಿಯಲ್ಲೇ ಇತ್ತು, ಆದರೆ ಅಲ್ಲಿ ತನ್ನ ಮಗುವನ್ನು ಬಿಡಬಹುದು ಎಂದು ಆಕೆಗೆ ಗೊತ್ತಿರಲಿಲ್ಲ. ಪ್ರಶಿಕ್ಷಣಾರ್ಥಿ ಆಕೆಯ ಜೊತೆ ಹೋಗಿ ಮಾತಾಡಿದಳು. ಹುಡುಗಿ ಜೂನ್‌ನಲ್ಲಿ ಆರಕ್ಕೆ ಸೇರಿದಳು. ಡಿಸೆಂಬರ್‌ನಲ್ಲಿ, ಅಡಿಕೆ ಸುಗ್ಗಿಯ ಹೊತ್ತಿಗೆ, ಎರಡು ವಾರ ಶಾಲೆಗೆ ಬರಲಿಲ್ಲ.

ಆ ಹೊತ್ತಿಗೆ ನಮ್ಮ ವಿದ್ಯಾರ್ಥಿನಿ ಕೋರ್ಸು ಮುಗಿಸಿ ಹೋಗಿದ್ದಳು. ಬೋಧನಾಭ್ಯಾಸಕ್ಕೆ ಇರುವ ಮಿತಿ ಇದೇ: ನಾವು ಫೆಬ್ರವರಿಯಲ್ಲಿ ಶುರು ಮಾಡಿದ್ದು ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಜುಲೈನಲ್ಲಿ, ಡಿಸೆಂಬರ್‌ನಲ್ಲಿ. ಆದ್ದರಿಂದ ಪ್ರತಿ ಮಗುವಿಗೆ ಒಂದು ಪುಟದ ಹಸ್ತಾಂತರ ಟಿಪ್ಪಣಿ ಬರೆದು ಹೊಸ ಶಾಲೆಯ ತರಗತಿ ಶಿಕ್ಷಕರ ಕೈಗೇ ಕೊಡುವುದನ್ನು ಕೆಲಸದ ಭಾಗವಾಗಿಸಿದ್ದೇವೆ. ಅದರಲ್ಲಿ ಅಂಕ, ಶ್ರೇಣಿ ಬರೆಯುವುದಿಲ್ಲ. ಅವು ಎಸ್.ಎ.ಟಿ.ಎಸ್.ನಲ್ಲಿ ಹೇಗೂ ಇರುತ್ತವೆ. ಯಾರ ಜೊತೆ ನಡೆದು ಬರುತ್ತದೆ, ಮಳೆಗೆ ಎಲ್ಲಿ ನಿಲ್ಲುತ್ತದೆ, ಮನೆಯಲ್ಲಿ ಯಾರೊಂದಿಗೆ ಮಾತಾಡಬೇಕು, ಯಾವ ತಿಂಗಳಲ್ಲಿ ಗೈರಾಗುವ ಸಂಭವವಿದೆ, ಇಷ್ಟು. ಮನೆಯವರಿಗೆ ಓದಿ ಹೇಳಿ, ಅವರು ಬೇಡವೆಂದ ಸಾಲನ್ನು ತೆಗೆದ ಮೇಲೆಯೇ ಕೊಡಬೇಕು. ಮನೆಯ ಗುಟ್ಟು ಶಾಲೆಯ ಮಾತಾಗಬಾರದು.

ಈ ಹುಡುಗಿಯ ಟಿಪ್ಪಣಿಯಲ್ಲಿ ‘ಡಿಸೆಂಬರ್, ಸುಗ್ಗಿ, ತಮ್ಮ’ ಎಂದು ಬರೆದಿತ್ತು. ಎರಡನೆಯ ವಾರ ತರಗತಿ ಶಿಕ್ಷಕರು ಮನೆಗೆ ಹೋದರು. ಕೂಸಿಗೆ ಜ್ವರ ಬಂದಿತ್ತು, ಅಕ್ಕ ನೋಡಿಕೊಳ್ಳುತ್ತಿದ್ದಳು. ಅವರು ಬೈಯಲಿಲ್ಲ, ಆಗಿದ್ದ ಪಾಠಗಳ ಪುಟಗಳಿಗೆ ಗುರುತು ಹಾಕಿಕೊಟ್ಟು, ಸೋಮವಾರ ಬಾ ಎಂದು ಹೇಳಿ ಬಂದರು. ಅವಳು ಬಂದದ್ದು ಬುಧವಾರ.