ಕಣ್ಣೊಳಗಿನ ನೆರಳನ್ನು ಓದಲು ಕಲಿತವರು

ಅಕ್ಷರ ಬಾರದ ಮಗುವಿನ ಕಣ್ಣಿನ ನಂಬರು ಕಂಡುಹಿಡಿಯುವುದು ಹೇಗೆ? ಉತ್ತರ ಕನ್ನಡದಲ್ಲಿ ಹೊನ್ನಾವರಕ್ಕೂ ಕುಮಟೆಗೂ ನಡುವೆ ಹೆದ್ದಾರಿಯ ಮೇಲಿರುವ ಹಳದೀಪುರದಂಥ ಊರಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆ. ಈ ಕರಾವಳಿಯ ಅಂಗನವಾಡಿಗೆ ಬರುವ ಒಂದು ಮಗುವಿನ ಮನೆಮಾತು ಕೊಂಕಣಿ, ಇನ್ನೊಂದರದು ಹಾಲಕ್ಕಿ ಕನ್ನಡ, ಮತ್ತೊಂದರದು ಹವ್ಯಕ ಕನ್ನಡ. ದಕ್ಷಿಣಕ್ಕೆ ಭಟ್ಕಳದ ಕಡೆ ಸರಿದರೆ ನವಾಯತಿ. ಗೋಡೆಗೆ ತೂಗುಹಾಕಿದ ಅಕ್ಷರದ ಪಟ ಇವರೆಲ್ಲರಿಗೂ ಸಮಾನವಾಗಿ ಪರಕೀಯ. ಶಿಬಿರಕ್ಕೆ ಕರೆತರಲು ಹೇಳಿದರೆ ತಾಯಂದಿರು ಕೇಳುವುದು ಸಹಜ: “ಇದಕ್ಕೆ ಇನ್ನೂ ಓದಲಿಕ್ಕೇ ಬರೂದಿಲ್ಲ, ಕಣ್ಣು ಹೇಗೆ ನೋಡ್ತೀರಿ?”

ಮಗುವನ್ನು ಏನೂ ಕೇಳದೆಯೇ ಅದರ ಕಣ್ಣಿನ ನಂಬರು ತಿಳಿಯಬಹುದು. ಅದಕ್ಕೆ ಬೇಕಾದದ್ದು ಅಂಗೈ ಅಗಲದ ಒಂದು ದೀಪದ ಸಾಧನ, ಕೆಲವು ಗಾಜು, ಮತ್ತು ಪಳಗಿದ ಒಂದು ಕಣ್ಣು. ಸಾಧನದ ಹೆಸರು ರೆಟಿನೋಸ್ಕೋಪ್. ಅದು ಹುಟ್ಟಿದ ಕತೆಯಲ್ಲಿ ಒಬ್ಬ ಮೇಷ್ಟ್ರು, ಒಬ್ಬ ಸೈನ್ಯದ ವೈದ್ಯ, ಗುರುವನ್ನು ತಿದ್ದಿದ ಒಬ್ಬ ಶಿಷ್ಯ, ಕನ್ನಡಕದ ನಂಬರು ತೆಗೆಯುವುದನ್ನೇ ಕಲಿಸುತ್ತಿದ್ದ ಒಬ್ಬ ಆಪ್ಟೋಮೆಟ್ರಿಸ್ಟ್ ಇದ್ದಾರೆ. ಎಲ್ಲವನ್ನೂ ಒಬ್ಬನೇ ಕಂಡುಹಿಡಿಯಲಿಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಮುಂದುವರಿಸಿದಂತೆ ಕತೆ ಮುಂದೆ ಸಾಗಿತು.

ಮೊದಲ ಪ್ರಶ್ನೆ ತೀರ ಹಳೆಯದು. ರಾತ್ರಿ ತೋಟದ ದಾರಿಯಲ್ಲಿ ಬ್ಯಾಟರಿ ಬಿಟ್ಟಾಗ ಬೆಕ್ಕಿನ ಕಣ್ಣು ಫಳಕ್ಕನೆ ಹೊಳೆಯುವುದನ್ನು ಎಲ್ಲರೂ ಕಂಡಿದ್ದಾರೆ. ಹಾಗಾದರೆ ಮನುಷ್ಯನ ಕಣ್ಣಿನ ಪಾಪೆ ಮಾತ್ರ ಯಾಕೆ ಕಪ್ಪು? 1840ರ ದಶಕದಲ್ಲಿ ಯುರೋಪಿನ ಶರೀರಶಾಸ್ತ್ರಜ್ಞರು ಇದರ ಬೆನ್ನು ಹತ್ತಿದರು. ದೀಪದ ಕಿರಣಕ್ಕೆ ಸರಿಸಮನಾಗಿ ಕಣ್ಣಿಟ್ಟು ನೋಡಿದರೆ ಮನುಷ್ಯನ ಪಾಪೆಯೂ ಕೆಂಪಗೆ ಹೊಳೆಯುತ್ತದೆ ಎಂದು ಅರ್ನ್ಸ್ಟ್ ಬ್ರ್ಯೂಕೆ ತೋರಿಸಿದರು. ಹೊಳಪು ಕಂಡರು, ಆದರೆ ಅಲ್ಲಿಗೇ ನಿಂತರು. ಇಂಗ್ಲೆಂಡಿನಲ್ಲಿ ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ 1847ರಲ್ಲಿ ಕಣ್ಣಿನೊಳಗೆ ಇಣುಕುವ ಸಾಧನವೊಂದನ್ನು ಮಾಡಿ ನೇತ್ರವೈದ್ಯ ವಾರ್ಟನ್ ಜೋನ್ಸ್ ಅವರಿಗೆ ತೋರಿಸಿದರು. ಅದರ ಬೆಲೆ ಆಗ ಅವರಿಗೆ ಹೊಳೆಯಲಿಲ್ಲ. ಸಾಧನ ಮೂಲೆ ಸೇರಿತು.

ಕೆಲಸ ಕೈಗೂಡಿದ್ದು ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನಲ್ಲಿ, ಹೆರ್ಮನ್ ಹೆಲ್ಮ್‌ಹೋಲ್ಟ್ಸ್ ಅವರಿಂದ. ಸೈನ್ಯದಲ್ಲಿ ವೈದ್ಯರಾಗಿದ್ದು ಬಳಿಕ ಶರೀರಶಾಸ್ತ್ರದ ಪ್ರಾಧ್ಯಾಪಕರಾದವರು ಅವರು. ಬ್ರ್ಯೂಕೆಯ ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಪಾಠದ ತಯಾರಿ ನಡೆಸುವಾಗ ಅವರಿಗೊಂದು ಪ್ರಶ್ನೆ ಎದುರಾಯಿತು: ಕಣ್ಣಿನಿಂದ ಮರಳಿ ಬರುವ ಈ ಬೆಳಕು ಎಲ್ಲಿ ಹೋಗಿ ಬಿಂಬವಾಗುತ್ತದೆ? ಆ ಪ್ರಶ್ನೆಯ ಬೆನ್ನಲ್ಲೇ ಉತ್ತರವೂ ಬಂತು. ಓರೆಯಾಗಿ ಇಟ್ಟ ಗಾಜಿನ ತಟ್ಟೆಗಳಿಂದ ದೀಪದ ಬೆಳಕನ್ನು ಕಣ್ಣೊಳಗೆ ಹಾಯಿಸಿ, ಅದೇ ಗಾಜಿನ ಮೂಲಕ ನೋಡಿ, ನಡುವೆ ಸರಿಯಾದ ಮಸೂರ ಹಿಡಿದಾಗ, ಬದುಕಿರುವ ಮನುಷ್ಯನ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲ ರಕ್ತನಾಳಗಳ ಸಮೇತ ಕಾಣಿಸಿತು. 1851ರಲ್ಲಿ ಅವರು ಪ್ರಕಟಿಸಿದ ಈ ಸಾಧನವೇ ಆಫ್ತಾಲ್ಮೋಸ್ಕೋಪ್. ಪಾಠ ಹೇಳುವ ಹೊಣೆ ಇರದಿದ್ದರೆ ಆ ಪ್ರಶ್ನೆ ಅವರಿಗೆ ಅಂದು ಎದುರಾಗುತ್ತಿತ್ತೋ ಇಲ್ಲವೋ.

ಹೊಸ ಸಾಧನ ಊರೂರಿನ ಕಣ್ಣಾಸ್ಪತ್ರೆಗಳನ್ನು ಸೇರಿತು. 1859ರಲ್ಲಿ ಲಂಡನ್ನಿನ ವಿಲಿಯಂ ಬೌಮನ್, ಅಂದರೆ ಪಿಯುಸಿ ಜೀವಶಾಸ್ತ್ರದಲ್ಲಿ ಮೂತ್ರಪಿಂಡದ ‘ಬೌಮನ್ ಕೋಶ’ ಓದಿದವರಿಗೆಲ್ಲ ಪರಿಚಿತರಾದ ಅದೇ ಬೌಮನ್, ಒಂದು ವಿಚಿತ್ರ ಗಮನಿಸಿದರು. ಕನ್ನಡಿಯಿಂದ ಕಣ್ಣಿಗೆ ಬೆಳಕು ಹಾಯಿಸಿ ಕನ್ನಡಿಯನ್ನು ಸ್ವಲ್ಪ ವಾಲಿಸಿದರೆ, ಕೆಲವರ ಪಾಪೆಯ ಹೊಳಪಿನ ಮೇಲೆ ಗೆರೆಯಂಥ ನೆರಳೊಂದು ಸರಿದಾಡುತ್ತಿತ್ತು. ಅದು ಕಣ್ಣಿನ ಮುಂಬದಿಯ ಪಾರದರ್ಶಕ ಪದರವಾದ ಕಾರ್ನಿಯಾ ವಕ್ರವಾಗಿರುವುದರ ಗುರುತು ಎಂದು ಅವರು ತಿಳಿದರು. ನೆರಳು ಕಂಡಿತು; ಅದನ್ನು ಅಳತೆಗೋಲು ಮಾಡಬಹುದು ಎನ್ನುವುದು ಇನ್ನೂ ಯಾರಿಗೂ ಕಂಡಿರಲಿಲ್ಲ.

ಆ ಹೆಜ್ಜೆ ಇಟ್ಟವರು ಫ್ರಾನ್ಸಿನ ಲೀಲ್ ಪಟ್ಟಣದ ಸೈನ್ಯದ ವೈದ್ಯ ಫರ್ಡಿನಾಂಡ್ ಕ್ವಿನ್ಯೆ. 1873ರಲ್ಲಿ ಅವರು ಬರೆದದ್ದು ಇಷ್ಟು: ಬೆಳಕನ್ನು ಅತ್ತಿತ್ತ ಆಡಿಸಿದಾಗ ಪಾಪೆಯೊಳಗಿನ ನೆರಳು ಯಾವ ಕಡೆಗೆ ಸರಿಯುತ್ತದೆ ಎಂಬುದರಿಂದಲೇ ಆ ಕಣ್ಣಿಗೆ ಹತ್ತಿರದ್ದು ಕಾಣುತ್ತದೋ ದೂರದ್ದೋ ಎಂದು ಹೇಳಬಹುದು. ರೋಗಿಯ ಮಾತು ಬೇಡ, ಅಕ್ಷರ ಬೇಡ. ಇದು ದೊಡ್ಡ ಶೋಧ. ಆದರೆ ನೆರಳು ಹುಟ್ಟುವುದು ಕಾರ್ನಿಯಾದಲ್ಲಿ ಎಂದು ಕ್ವಿನ್ಯೆ ನಂಬಿದ್ದರು. ವಿಧಾನ ಸರಿ, ಕಾರಣ ತಪ್ಪು. ಐದು ವರ್ಷದ ನಂತರ, 1878ರಲ್ಲಿ, ಅವರದೇ ಶಿಷ್ಯ ಮೆಂಜಾನ್ ಅದನ್ನು ತಿದ್ದಿದರು: ಆ ಹೊಳಪೂ ನೆರಳೂ ಬರುವುದು ಅಕ್ಷಿಪಟಲದಿಂದ. 1880ರಲ್ಲಿ ಪರಾಂ ಎಂಬವರು ಮಸೂರಗಳನ್ನು ಹಿಡಿದು ಇದನ್ನು ಲೆಕ್ಕಕ್ಕೆ ಇಳಿಸಿದರು. ಅದಕ್ಕೆ ಕಾಲವೂ ಕೂಡಿ ಬಂದಿತ್ತು. ಮಸೂರದ ಶಕ್ತಿಯನ್ನು ಅಂಗುಲದಲ್ಲಿ ಹೇಳುತ್ತಿದ್ದ ತೊಡಕನ್ನು ಬಿಟ್ಟು ಡಯಾಪ್ಟರ್ ಎಂಬ ಹೊಸ ಮಾನವನ್ನು ಫರ್ಡಿನಾಂಡ್ ಮೊನ್ವಾಯೆ 1872ರಲ್ಲಿ ಸೂಚಿಸಿದ್ದರು. ಇವತ್ತು ನಮ್ಮ ಚೀಟಿಯಲ್ಲಿ ‘ಮೈನಸ್ ಎರಡೂವರೆ’ ಎಂದು ಬರೆಯುವುದು ಅದೇ ಮಾನದಲ್ಲಿ.

ಲೆಕ್ಕ ಕಷ್ಟದ್ದಲ್ಲ. ಹತ್ತಿರದ್ದಷ್ಟೇ ಕಾಣುವ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಒಂದು ಕೊನೆಯ ದೂರವಿರುತ್ತದೆ. ಮೈನಸ್ ಎರಡು ನಂಬರಿನ ಕಣ್ಣಿಗೆ ಅದು ಅರ್ಧ ಮೀಟರ್. ಅಕ್ಷಿಪಟಲದಿಂದ ಹೊರಟ ಬೆಳಕು ಅದೇ ಜಾಗದಲ್ಲಿ ಒಟ್ಟುಗೂಡುತ್ತದೆ. ಪರೀಕ್ಷಿಸುವವರು ಅರ್ಧ ಮೀಟರ್ ದೂರದಲ್ಲಿ ಕೂತು ರೆಟಿನೋಸ್ಕೋಪನ್ನು ಮೆಲ್ಲಗೆ ಅತ್ತಿತ್ತ ತಿರುಗಿಸುತ್ತಾರೆ. ಕಿರಣಗಳು ಅವರ ಕಣ್ಣಿಗೆ ಮುಟ್ಟುವ ಮೊದಲೇ ಒಟ್ಟುಗೂಡಿದ್ದರೆ ಪಾಪೆಯ ಹೊಳಪು ದೀಪಕ್ಕೆ ಎದುರು ದಿಕ್ಕಿಗೆ ಸರಿಯುತ್ತದೆ. ಇಲ್ಲದಿದ್ದರೆ ದೀಪದ ಜತೆಗೇ ಸರಿಯುತ್ತದೆ. ಎದುರು ಸರಿದರೆ ಮೈನಸ್ ಗಾಜು, ಜತೆಗೆ ಸರಿದರೆ ಪ್ಲಸ್ ಗಾಜು, ಒಂದಾದ ಮೇಲೊಂದು ಹಿಡಿಯುತ್ತ ಹೋಗಬೇಕು. ಒಂದು ಹಂತದಲ್ಲಿ ಓಡಾಟ ನಿಂತು ಪಾಪೆ ಪೂರ್ತಿ ಒಮ್ಮೆಗೇ ಬೆಳಗುತ್ತದೆ. ಆಗ ಹಿಡಿದ ಗಾಜಿನಿಂದ, ಕೂತ ಅರ್ಧ ಮೀಟರ್ ದೂರದ ಲೆಕ್ಕಕ್ಕೆ, ಎರಡು ಡಯಾಪ್ಟರ್ ಕಳೆದರೆ ಅದೇ ಕಣ್ಣಿನ ನಂಬರು. ಮೈನಸ್ ಒಂದರಲ್ಲಿ ಓಡಾಟ ನಿಂತಿತು ಅಂದರೆ ಕಣ್ಣು ಮೈನಸ್ ಮೂರು.

ಉಳಿದದ್ದು ಒಂದೇ ತೊಡಕು. ಕೆಲವರ ಕಣ್ಣಿನ ಬಾಗು ಅಡ್ಡಕ್ಕೊಂದು, ಉದ್ದಕ್ಕೊಂದು. ದುಂಡನೆಯ ಬೆಳಕಿನಲ್ಲಿ ಈ ವ್ಯತ್ಯಾಸ ಯಾವ ಕೋನದಲ್ಲಿದೆ ಎಂದು ಹಿಡಿಯುವುದು ಪ್ರಯಾಸ. ಇದನ್ನು ಬಿಡಿಸಿದವರು ಅಮೆರಿಕದ ಜ್ಯಾಕ್ ಕೋಪ್ಲಂಡ್. ವೃತ್ತಿಯಿಂದ ಆಪ್ಟೋಮೆಟ್ರಿಸ್ಟ್, ಮನಸ್ಸಿನಿಂದ ಬೋಧಕ. ಕೈಯಲ್ಲಿದ್ದ ರೆಟಿನೋಸ್ಕೋಪ್ ಜಾರಿ ಬಿದ್ದು ಬಲ್ಬಿನ ತಂತಿ ಕೆಟ್ಟಿತು, ದುಂಡು ಬೆಳಕಿನ ಬದಲು ಗೆರೆಯಾದ ಬೆಳಕು ಬಂತು, ಅದನ್ನೇ ಕಣ್ಣಿಗೆ ಹಾಯಿಸಿ ನೋಡಿದಾಗ ಕೋನ ನಿಚ್ಚಳವಾಗಿ ಕಂಡಿತು ಎಂಬ ಕತೆ ವೃತ್ತಿಯವರಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಗೆರೆಬೆಳಕಿನ ಆ ಸಾಧನಕ್ಕೆ 1927ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಬಳಸುವ ಹೆಚ್ಚಿನ ರೆಟಿನೋಸ್ಕೋಪುಗಳು ಅದೇ ಬಗೆಯವು.

ಸಾಧನ ಬಂದರೂ ಅದನ್ನು ಹಿಡಿಯಬಲ್ಲ ಕೈಗಳು ನಮ್ಮಲ್ಲಿ ಬಹಳ ಕಾಲ ಕಡಿಮೆ ಇದ್ದವು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ 1896ರಷ್ಟು ಹಿಂದೆಯೇ ಶುರುವಾಯಿತು. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದರು. ಅಂದು ಕಣ್ಣೊಳಗೆ ಕೃತಕ ಮಸೂರ ಕೂರಿಸುವ ರೂಢಿ ಬಂದಿರಲಿಲ್ಲ. ಶಸ್ತ್ರಚಿಕಿತ್ಸೆಯಾದವರು ಪ್ಲಸ್ ಹತ್ತರ ಸುಮಾರಿನ ದಪ್ಪ ಗಾಜಿನ ಕನ್ನಡಕ ಹಾಕಲೇಬೇಕಿತ್ತು. ಸರ್ಜನ್ನರ ಕೆಲಸ ಮುಗಿದ ಮೇಲೂ ನಂಬರು ತೆಗೆಯುವವರ ಕೆಲಸ ಬಾಕಿ ಇರುತ್ತದೆ ಎಂಬುದಕ್ಕೆ ನಮ್ಮ ಹಿಂದಿನ ತಲೆಮಾರಿನ ಆ ಕನ್ನಡಕಗಳೇ ಸಾಕ್ಷಿ.

ಈ ಕೆಲಸವನ್ನೇ ಓದಾಗಿ ಕಲಿಸುವ ಶಾಲೆ ದೇಶದಲ್ಲಿ ಮೊದಲಾದದ್ದು 1958ರಲ್ಲಿ, ಅಲಿಗಢದ ಗಾಂಧಿ ಕಣ್ಣಾಸ್ಪತ್ರೆಯಲ್ಲಿ. 1985ರಲ್ಲಿ ಚೆನ್ನೈನ ಶಂಕರ ನೇತ್ರಾಲಯದ ಆಸರೆಯಲ್ಲಿ ಎಲೀಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ ನಾಲ್ಕು ವರ್ಷದ ಪದವಿ ಶುರು ಮಾಡಿತು. ಇಂದು ಮಣಿಪಾಲದಲ್ಲೂ ಬೆಂಗಳೂರಿನಲ್ಲೂ ಈ ಪದವಿ ಓದಬಹುದು. 2021ರ ಕೇಂದ್ರ ಕಾಯ್ದೆ ಆಪ್ಟೋಮೆಟ್ರಿಸ್ಟರನ್ನು ಆರೋಗ್ಯ ವೃತ್ತಿಯವರೆಂದು ಗುರುತಿಸಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಈ ಹೊಣೆ ಹೊತ್ತವರನ್ನು ನಾವು ನೇತ್ರಾಧಿಕಾರಿ ಎಂದು ಕರೆಯುತ್ತೇವೆ. ರೆಟಿನೋಸ್ಕೋಪಿ ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಹಿರಿಯರ ಪಕ್ಕದಲ್ಲಿ ಕೂತು, ನೂರಾರು ಕಣ್ಣು ನೋಡಿ, ಮತ್ತೆ ಮತ್ತೆ ತಿದ್ದಿಸಿಕೊಂಡು ಕೈಗೆ ಬರುವಂಥದ್ದು. ಆದ್ದರಿಂದಲೇ ಕಣ್ಣು ನೋಡುತ್ತಲೇ ಕಲಿಸುವವರು ಈ ವೃತ್ತಿಯ ಬೆನ್ನೆಲುಬು. ಅಂಥ ಒಬ್ಬರು ತಯಾರು ಮಾಡಿದ ಶಿಷ್ಯರು ಒಂದು ಜಿಲ್ಲೆಯ ಮಕ್ಕಳ ಕಣ್ಣು ಕಾಯಬಲ್ಲರು.

ಈಗ ಗುಂಡಿ ಒತ್ತಿದರೆ ನಂಬರು ಹೇಳುವ ಯಂತ್ರಗಳು ಪೇಟೆಯ ಅಂಗಡಿಗಳಲ್ಲೂ ಇವೆ, ಉಪಯುಕ್ತವೂ ಹೌದು. ಆದರೆ ಪುಟ್ಟ ಮಗು ಅಂಥ ಯಂತ್ರಕ್ಕೆ ಗಲ್ಲ ಕೊಟ್ಟು ಅಲುಗಾಡದೆ ಕೂರುವುದಿಲ್ಲ. ಕೂತರೂ ಅದರ ಕಣ್ಣಿನ ಸ್ನಾಯು ಹತ್ತಿರಕ್ಕೆ ಹೊಂದಿಕೊಂಡು ನಂಬರನ್ನು ತಪ್ಪಾಗಿ ತೋರಿಸಬಹುದು. ಹಾಗಾಗಿ ಮಕ್ಕಳಿಗೆ ಔಷಧದ ಹನಿ ಹಾಕಿ ಆ ಸ್ನಾಯುವನ್ನು ಸಡಿಲಿಸಿ, ತಾಯಿಯ ಮಡಿಲಲ್ಲೇ ಕೂರಿಸಿ ರೆಟಿನೋಸ್ಕೋಪ್ ಹಿಡಿಯುತ್ತಾರೆ. ಮಳೆಗಾಲದಲ್ಲಿ ಕರೆಂಟು ಹೋದರೂ ಚಾರ್ಜ್ ಮಾಡಿಟ್ಟ ಆ ಸಾಧನ ನಿಲ್ಲುವುದಿಲ್ಲ. ಕೊಂಕಣಿಯ ಮಗುವಿಗೂ ನವಾಯತಿಯ ಮಗುವಿಗೂ ಪರೀಕ್ಷೆ ಒಂದೇ.

ಇದರಲ್ಲಿ ತಡ ಮಾಡಬಾರದು. ಒಂದು ಕಣ್ಣಿಗಷ್ಟೇ ಹೆಚ್ಚು ನಂಬರಿದ್ದರೆ ಮಿದುಳು ಆ ಕಣ್ಣಿನ ಮಸುಕು ಚಿತ್ರವನ್ನು ಕೈಬಿಟ್ಟು ಇನ್ನೊಂದನ್ನೇ ನೆಚ್ಚಿಕೊಳ್ಳುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಕೊಟ್ಟು, ಬೇಕಾದರೆ ಚೆನ್ನಾಗಿರುವ ಕಣ್ಣಿಗೆ ದಿನವೂ ಸ್ವಲ್ಪ ಹೊತ್ತು ಪಟ್ಟಿ ಕಟ್ಟಿದರೆ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಆ ವಯಸ್ಸು ದಾಟಿದಷ್ಟೂ ಮರಳುವ ಸಾಧ್ಯತೆ ಕುಗ್ಗುತ್ತದೆ. ಮಗು ತಾನಾಗಿ ದೂರುವುದೂ ಇಲ್ಲ. ಹುಟ್ಟಿದಾಗಿನಿಂದ ಮಸುಕೇ ಕಂಡವರಿಗೆ ಸ್ಪಷ್ಟತೆ ಅಂದರೇನು ಎಂದು ಗೊತ್ತಿರುವುದಿಲ್ಲ.

ಮನೆಮನೆಗೆ ಹೋಗಿ ಕಣ್ಣು ತಪಾಸಣೆ ನಡೆಸಿ ಉಚಿತ ಕನ್ನಡಕ ಕೊಡುವ ರಾಜ್ಯದ ಆಶಾಕಿರಣ ಯೋಜನೆಗೆ ಆಯ್ದ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. ಆಶಾ ಕಾರ್ಯಕರ್ತೆಯರು ಬಾಗಿಲಿಗೆ ಬಂದಾಗ ಅಜ್ಜ-ಅಜ್ಜಿಯರ ಜತೆ ಮಕ್ಕಳನ್ನೂ ಮುಂದೆ ಕೂರಿಸೋಣ. ಟಿ.ವಿ.ಗೆ ಅಂಟಿ ಕೂರುವ, ತಲೆ ವಾಲಿಸಿ ನೋಡುವ, ಒಂದು ಕಣ್ಣು ಮುಚ್ಚಿದರೆ ರಂಪ ಮಾಡುವ ಮಗುವಿದ್ದರೆ ಶಿಬಿರಕ್ಕೆ ಕಾಯದೆ ತಾಲೂಕು ಆಸ್ಪತ್ರೆಗೆ ಕರೆದೊಯ್ಯೋಣ. ‘ಓದಲು ಬಂದ ಮೇಲೆ ನೋಡಿದರಾಯಿತು’ ಎಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಓದಲು ಬಾರದವರ ಕಣ್ಣನ್ನು ಅಳೆಯುವ ವಿದ್ಯೆ ಬಂದು 150 ವರ್ಷವಾಗಿದೆ. ಆ ವಿದ್ಯೆ ಕಲಿತ ಕೈಗಳು ಪ್ರತಿ ತಾಲೂಕಿನಲ್ಲೂ ಇರಬೇಕು ಎಂದು ಕೇಳುವುದು ನಮ್ಮ ಹಕ್ಕು, ನಮ್ಮ ಕೆಲಸವೂ ಹೌದು.